ಭೀಮೆಯ ನಡುಗಡ್ಡೆಯಲ್ಲಿ ಒಂಬತ್ತು ಜನ

ಮುಧೋಳ ಎಂದ ಕೂಡಲೇ ಜನ ಬೇಟೆನಾಯಿಯನ್ನೂ ರನ್ನ ಕವಿಯನ್ನೂ ನೆನೆಯುತ್ತಾರೆ. ಅದು ಬಾಗಲಕೋಟೆ ಜಿಲ್ಲೆಯ ಮುಧೋಳ. ನಮ್ಮದು ಸೇಡಂ ತಾಲ್ಲೂಕಿನ ಮುಧೋಳ. ತೆಲಂಗಾಣದ ಗಡಿಗೆ ಸಮೀಪದ ಊರು. ಇಲ್ಲಿ ಹೇಳಿಕೊಳ್ಳಲು ನಾಯಿಯೂ ಇಲ್ಲ, ಕವಿಯೂ ಇಲ್ಲ. ತೊಗರಿ ಇದೆ, ಬಿಸಿಲಿದೆ, ಕಲ್ಲಿದೆ. ಸುತ್ತಲಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಂದರೆ ಹೊರಗಿನವರಿಗೆ ಸಿಮೆಂಟಿನ ಧೂಳು ಮತ್ತು ಫರ್ಸಿ ಕಲ್ಲು ಮಾತ್ರ ನೆನಪಾಗುತ್ತವೆ. ಇಂಥ ಕಡೆ ಒಂಬತ್ತು ಜನ ಸೇರಿ ಹಕ್ಕಿ ನೋಡಲು ಹೋಗುತ್ತೇವೆ ಎಂದರೆ ನಗುವವರೇ ಹೆಚ್ಚು.

"ಕೋಳಿ, ಕಾಗಿ ನೋಡ್ಲಾಕ ಅಷ್ಟು ದೂರ ಹೋಗ್ಬೇಕೇನ್ರಿ ಮಾಸ್ತರ್ರ? ನಮ್ಮ ಮಾಳಿಗಿ ಮ್ಯಾಲ ಬರ್ರಿ, ತೋರಸ್ತೀವಿ" ಎಂದು ಚಹಾದಂಗಡಿಯಲ್ಲಿ ಕೂತವರು ಕೇಳುತ್ತಿದ್ದರು. ನಾವೂ ನಗುತ್ತಿದ್ದೆವು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಹಕ್ಕಿ ಹುಚ್ಚು ಶುರುವಾದದ್ದೇ ಒಂದು ಮಾಳಿಗೆಯ ಮೇಲೆ.

ನಮ್ಮ ಗುಂಪಿನಲ್ಲಿ ಒಬ್ಬರು ಹೈಸ್ಕೂಲಿನ ವಿಜ್ಞಾನದ ಮಾಸ್ತರರು. ಇನ್ನೊಬ್ಬರು ಉರ್ದು ಶಾಲೆಯ ಶಿಕ್ಷಕಿ, ನಾವೆಲ್ಲ ಆಪಾ ಎನ್ನುವವರು. ಅವರ ಮಗಳು ಆಗ ಒಂಬತ್ತನೆಯ ತರಗತಿ. ಒಬ್ಬ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ, ಒಬ್ಬರು ಕಿರಾಣಿ ಅಂಗಡಿಯವರು, ಒಬ್ಬರು ಅಂಚೆಯವರು, ಇಬ್ಬರು ಡಿಗ್ರಿ ಓದುವ ಹುಡುಗರು, ಕೊನೆಯವನು ಮೊಬೈಲ್ ರಿಪೇರಿ ಅಂಗಡಿಯ ಹುಡುಗ. ಕ್ಯಾಮರಾ ಇದ್ದದ್ದು ಅವನ ಬಳಿ ಮಾತ್ರ. ಒಂಬತ್ತು ಜನಕ್ಕೆ ಎರಡು ದುರ್ಬೀನು. ಒಂದರ ಒಂದು ಕಣ್ಣಿನಲ್ಲಿ ಬೂಜು ಹಿಡಿದಿತ್ತು. ಅದು ಯಾರ ಸರದಿಗೆ ಬಂದರೂ ಅವರು ಒಂದು ಕಣ್ಣು ಮುಚ್ಚಿಕೊಂಡೇ ನೋಡಬೇಕು.

2024ರ ಜನವರಿ, ಸಂಕ್ರಾಂತಿ ಕಳೆದ ಮುಂದಿನ ಭಾನುವಾರ. ಭೀಮಾ ನದಿಯ ನಡುಗಡ್ಡೆಯೊಂದರಲ್ಲಿ ದೂರದೇಶದ ದಂಡೆಹಕ್ಕಿಗಳು ಇಳಿದಿವೆ ಎಂಬ ಸುದ್ದಿಯನ್ನು ಅಂಚೆಯವರು ತಂದಿದ್ದರು. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲೂ ನಡೆಯುತ್ತದೆ, ಊರೂರಿನ ಸಾಮಾನ್ಯ ಜನರೇ ಕೆರೆ, ಹೊಳೆಗಳಿಗೆ ಹೋಗಿ ಎಣಿಸುತ್ತಾರೆ ಎಂದು ಮಾಸ್ತರರು ಹೇಳಿದಾಗ ನಮಗೂ ಒಂದು ಘನತೆ ಬಂದಂತಾಯಿತು. ಇನ್ನು ಮುಂದೆ ಕೇಳಿದವರಿಗೆ "ಹಕ್ಕಿ ನೋಡಲು" ಎನ್ನಬೇಕಾಗಿಲ್ಲ, "ಗಣತಿಗೆ" ಎನ್ನಬಹುದು! ಒಂದು ಕ್ರೂಸರ್ ಗಾಡಿ ಗೊತ್ತು ಮಾಡಿ, ಬೆಳಗಿನ ಜಾವ ನಾಲ್ಕಕ್ಕೆ ಊರು ಬಿಟ್ಟೆವು. ಹಬ್ಬದ ಸಜ್ಜಿ ರೊಟ್ಟಿ ಇನ್ನೂ ಉಳಿದಿತ್ತು. ಶೇಂಗಾ ಹಿಂಡಿ, ಪುಂಡಿಪಲ್ಯ, ಆಪಾ ಮಾಡಿದ ಖೀಮಾ, ಒಂದು ಡಬ್ಬಿಯಲ್ಲಿ ಎಳ್ಳು ಬೆಲ್ಲ.

ಸೇಡಂ ದಾಟಿ ಚಿತ್ತಾಪುರದ ದಾರಿ ಹಿಡಿದಾಗ ಬೆಳಕು ಹರಿದಿರಲಿಲ್ಲ. ಎಡಬಲದ ಹೊಲಗಳಲ್ಲಿ ತೊಗರಿ ಸಣ್ಣಗೆ ನಿಂತಿತ್ತು. ಹಿಂದಿನ ವರ್ಷ, 2023ರಲ್ಲಿ, ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರಕಾರ ಬರಪೀಡಿತ ಎಂದು ಘೋಷಿಸಿದ ವರ್ಷ ಅದು. ವಾಡಿಯ ರೈಲು ಜಂಕ್ಷನ್ನಿನ ದೀಪಗಳು ಕಂಡವು. 1874ರಲ್ಲಿ ನಿಜಾಮರ ಕಾಲದ ರೈಲು ಸಿಕಂದರಾಬಾದಿಗೆ ಹೊರಟದ್ದು ಈ ವಾಡಿಯಿಂದಲೇ. ಅಲ್ಲಿಂದ ಮುಂದೆ ದಾರಿಯ ಪಕ್ಕದಲ್ಲಿ ಗೋಡೆಯಂತೆ ಪೇರಿಸಿಟ್ಟ ಶಹಾಬಾದಿ ಕಲ್ಲಿನ ಹಲಗೆಗಳು. ನಮ್ಮ ಭಾಗದ ಮನೆಗಳ ನೆಲ, ಮಾಳಿಗೆ, ಕಟ್ಟೆ ಎಲ್ಲವೂ ಇದೇ ಕಲ್ಲು. ನೆಲದ ಹೊಟ್ಟೆಯಿಂದ ತೆಗೆದು ತೆಗೆದು ನೆಲದ ಮೇಲೆ ಹೊಂಡಗಳೇ ಉಳಿದಿವೆ. ಮಳೆಗಾಲದಲ್ಲಿ ಆ ಹೊಂಡಗಳು ತುಂಬಿ, ಅವುಗಳಲ್ಲೂ ಬಾತುಕೋಳಿ ಇಳಿಯುತ್ತವೆ ಎಂಬುದು ಬೇರೆ ಮಾತು.

ಕಾಗಿಣಾ ನದಿ ನಮ್ಮ ಸೀಮೆಯ ತಾಯಿ. ತೆಲಂಗಾಣದ ವಿಕಾರಾಬಾದಿನ ಅನಂತಗಿರಿ ಬೆಟ್ಟದಲ್ಲಿ ಹುಟ್ಟಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಬುಡವನ್ನು ತೊಳೆದು, ಹೊನಗುಂಟಾದ ಬಳಿ ಭೀಮೆಯನ್ನು ಸೇರುತ್ತದೆ. ನಾವು ಹೋದ ನಡುಗಡ್ಡೆ ಅಲ್ಲೇ ಸಂಗಮದ ಆಸುಪಾಸಿನಲ್ಲಿ ಇಲ್ಲ, ಕೆಳಗೆ ಎಲ್ಲೋ ಇದೆ. ಎಲ್ಲಿ ಎಂಬುದನ್ನು ಇದಕ್ಕಿಂತ ಸರಿಯಾಗಿ ಬರೆಯುವುದಿಲ್ಲ. ಯಾಕೆಂಬುದು ಮುಂದೆ ಓದಿದರೆ ತಿಳಿಯುತ್ತದೆ.

ದಂಡೆಯಲ್ಲಿ ಒಬ್ಬ ಮುದುಕ ಬಲೆ ಬಿಡಿಸುತ್ತ ಕೂತಿದ್ದ. ಕಬ್ಬಲಿಗರವನು. ನಾವೆಲ್ಲ ಮುತ್ಯಾ ಎಂದೇ ಕರೆದೆವು. ತೆಪ್ಪದಲ್ಲಿ ನಡುಗಡ್ಡೆಯ ಹತ್ತಿರಕ್ಕೆ ಒಯ್ಯುತ್ತೀಯಾ ಎಂದು ಕೇಳಿದರೆ, ಮೊದಲು ನಮ್ಮ ದುರ್ಬೀನು ನೋಡಿದ, ಆಮೇಲೆ ನಮ್ಮ ಕಾಲುಗಳನ್ನು ನೋಡಿದ.

"ಮ್ಯಾಲ ಇಳ್ಯಾದು ಬ್ಯಾಡ್ರಿ. ಬಾಜೂಕ ನಿಲ್ಲಸ್ತೀನಿ. ಅಲ್ಲಿಂದೇ ನೋಡ್ರಿ" ಎಂದ.

ಮೂರು ಮೂರು ಜನರಂತೆ ಮೂರು ಸಲ ಹೋಗಿ ಬಂದೆವು. ಮಂಜು ಕರಗುತ್ತಿದ್ದ ಹೊತ್ತು. ಮೊದಲು ನಮಗೆ ಬರಿ ಉಸುಕು ಕಂಡಿತು. ಉಸುಕು, ನುಣ್ಣನೆಯ ಕಲ್ಲು, ಅಲ್ಲಲ್ಲಿ ಜೊಂಡು. ಹಕ್ಕಿ ಎಲ್ಲಿ ಎಂದು ಕೇಳಬೇಕು ಅನ್ನುವಷ್ಟರಲ್ಲಿ ಒಂದು ಕಲ್ಲು ಎದ್ದು ನಡೆಯಿತು. ಆಮೇಲೆ ಇನ್ನೊಂದು. ನೋಡನೋಡುತ್ತ ಇಡೀ ದಂಡೆಯೇ ಸಣ್ಣ ಸಣ್ಣ ಕಾಲುಗಳ ಮೇಲೆ ಓಡಾಡುತ್ತಿದೆ ಎಂದು ಗೊತ್ತಾಯಿತು. ಕೆಂಪು ಕಡ್ಡಿಯಂಥ ಕಾಲುಗಳ ಮೆಟ್ಟುಗಾಲು ಹಕ್ಕಿ, ಬಾಲ ಕುಣಿಸುತ್ತ ಅಂಚಿನಲ್ಲೇ ನಡೆಯುವ ಗೊರವ ಜಾತಿಯವು, ಕುತ್ತಿಗೆಗೆ ಕರಿ ಪಟ್ಟಿ ಕಟ್ಟಿಕೊಂಡ ಪುಟ್ಟ ಪ್ಲೋವರ್, ನೀರಿನ ಮೇಲೆ ಬಿಳಿ ಬಾಣದಂತೆ ಹಾದು ಹೋಗುವ ರೀವಗಳು. ಎತ್ತರದ ಕಲ್ಲಿನ ಮೇಲೆ ಒಂಟಿಯಾಗಿ ದೊಡ್ಡ ಹಳದಿ ಕಣ್ಣಿನ ಹಕ್ಕಿ ನಿಂತಿತ್ತು. ಪುಸ್ತಕದಲ್ಲಿ ಅದರ ಹೆಸರು ಗ್ರೇಟ್ ಥಿಕ್-ನೀ. ದಪ್ಪ ಮೊಣಕಾಲಿನದು ಎಂದು ಅರ್ಥ. ನೀರಿಗೆ ಬೆನ್ನು ಕೊಟ್ಟು, ಸಾಲಗಾರರನ್ನು ಕಾಯುವ ಶೇಠನಂತೆ ಅದು ನಮ್ಮನ್ನೇ ದಿಟ್ಟಿಸಿ ನೋಡುತ್ತಿತ್ತು.

ಎಲ್ಲಕ್ಕಿಂತ ಚಿಕ್ಕದು ಲಿಟ್ಲ್ ಸ್ಟಿಂಟ್. ಕೈಯಲ್ಲಿ ಹಿಡಿದರೆ ಒಂದು ಹಿಡಿ ಶೇಂಗಾದಷ್ಟೂ ತೂಗಲಿಕ್ಕಿಲ್ಲ. ಇಪ್ಪತ್ತೈದು, ಮೂವತ್ತು ಗ್ರಾಂ ಅಷ್ಟೇ. ಅದು ಹುಟ್ಟುವುದು ಉತ್ತರ ಧ್ರುವದ ಅಂಚಿನ ಹಿಮದ ಬಯಲುಗಳಲ್ಲಿ. ಅಲ್ಲಿಂದ ನಮ್ಮ ಭೀಮೆಯ ದಂಡೆಗೆ ಆರು ಸಾವಿರ ಕಿಲೋಮೀಟರಿಗೂ ಹೆಚ್ಚು. ಇದನ್ನು ಮಾಸ್ತರರು ತೆಪ್ಪದಲ್ಲಿ ಹೇಳಿದಾಗ ಕಾರ್ಖಾನೆಯ ಗೆಳೆಯ ಬಹಳ ಹೊತ್ತು ಸುಮ್ಮನಿದ್ದು, "ಅದಕ್ಕ ಗೇಟ್ ಪಾಸ್ ಕೇಳೋರು ಯಾರೂ ಇಲ್ಲ ನೋಡ್ರಿ" ಎಂದ. ಅವನು ದುಬೈಗೆ ಹೋಗಲು ಎರಡು ಸಲ ಕಾಗದಪತ್ರ ಮಾಡಿಸಿ ಎರಡು ಸಲವೂ ಆಗದೆ ಉಳಿದವನು. ನಾವು ಯಾರೂ ಮಾತಾಡಲಿಲ್ಲ.

ಇಂಥ ಹಕ್ಕಿಗಳ ಪ್ರಯಾಣದ ಲೆಕ್ಕ ಕೇಳಿದರೆ ನಂಬುವುದು ಕಷ್ಟ. 2022ರ ಅಕ್ಟೋಬರಿನಲ್ಲಿ ಇದೇ ದಂಡೆಹಕ್ಕಿಗಳ ಕುಲದ ಒಂದು ಗಾಡ್‌ವಿಟ್, ಹುಟ್ಟಿ ಐದೇ ತಿಂಗಳಾದ ಮರಿ, ಅಲಾಸ್ಕಾದಿಂದ ಹೊರಟು ಎಲ್ಲೂ ಇಳಿಯದೆ, ಏನನ್ನೂ ತಿನ್ನದೆ, ಹನ್ನೊಂದು ದಿನದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ಮುಟ್ಟಿತು. 13,560 ಕಿಲೋಮೀಟರ್. ಅದರ ಬೆನ್ನಿಗೆ ಕಟ್ಟಿದ್ದ ಯಂತ್ರದ ಲೆಕ್ಕ ಇದು. ದಾರಿ ತೋರಿಸಲು ತಂದೆತಾಯಿ ಬೇಕೇಬೇಕು ಎಂದು ನಾವು ಮನುಷ್ಯರು ತಿಳಿದಿದ್ದೇವೆ. ಅದಕ್ಕೆ ದಾರಿ ಹೇಳಿದವರು ಯಾರು? ಆಪಾ ಬಾಯಲ್ಲಿ "ಸುಬ್ಹಾನಲ್ಲಾ" ಎಂಬ ಮಾತು ಬಂತು. ಅಂಚೆಯವರು ಕೈಮುಗಿದರು.

ಮಧ್ಯಾಹ್ನ ದಂಡೆಯ ಜಾಲಿಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಮುತ್ಯಾ ನಮ್ಮ ಜೊತೆಯೇ ಕೂತು ರೊಟ್ಟಿ ತಿಂದ. ಊಟವಾದ ಮೇಲೆ ನಮ್ಮಲ್ಲಿ ಕೆಲವರು ಹೊಳೆಯ ನೀರಲ್ಲೇ ವಜೂ ಮಾಡಿ ಉಸುಕಿನ ಮೇಲೆ ನಮಾಜಿಗೆ ನಿಂತರು. ಉಳಿದವರು ಅಷ್ಟು ಹೊತ್ತು ಅವರ ಸರದಿಯ ಎಣಿಕೆಯನ್ನೂ ಮಾಡಿದರು. ಲೆಕ್ಕದ ವಹಿ ಆಪಾ ಮಗಳ ಕೈಯಲ್ಲಿತ್ತು. ಅವಳ ಅಕ್ಷರ ನಮ್ಮೆಲ್ಲರ ಅಕ್ಷರಕ್ಕಿಂತ ಚೆಂದ.

ಅಲ್ಲಿಯೇ ಮಾಸ್ತರರು ಸಲೀಂ ಅಲಿಯವರ ಮಾತು ತೆಗೆದರು. ಹಕ್ಕಿಶಾಸ್ತ್ರಜ್ಞ ಸಲೀಂ ಅಲಿ (1896-1987) ಎಂದರೆ ಕೇರಳ, ಭರತಪುರ ಎಂದು ಓದಿದ್ದ ನಮಗೆ, ಅವರು ನಮ್ಮದೇ ಹೈದರಾಬಾದ್ ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷೆ ಮಾಡಿದ್ದರು ಎಂಬುದು ಹೊಸ ಸುದ್ದಿ. 1930ರ ದಶಕದ ಆರಂಭದಲ್ಲಿ, ಕಲಬುರಗಿ ಇನ್ನೂ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಅವರು ಸಂಸ್ಥಾನದ ಕಾಡುಮೇಡು ತಿರುಗಿದರು. ಆ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1933-34ರಲ್ಲಿ ಕಂತುಕಂತಾಗಿ ಬಂತು. ಅವರ ತಿರುಗಾಟಗಳಲ್ಲಿ ಜೊತೆಯಾಗಿದ್ದವರು ಪತ್ನಿ ತಹಮೀನಾ. ಆಪಾ ಈ ಹೆಸರನ್ನು ಮತ್ತೆ ಕೇಳಿಸಿಕೊಂಡು ಮಗಳ ವಹಿಯಲ್ಲಿ ಬರೆಸಿದರು.

"ಆಗ ಹಕ್ಕಿ ಎಣಿಸೋದು ಅಂದ್ರ ಬಂದೂಕಿನಿಂದ ಹೊಡೆದು, ಚರ್ಮ ಸುಲಿದು, ಪೆಟ್ಟಿಗೆಯಲ್ಲಿ ಇಡೋದು. ಗುರುತು ಹಿಡಿಯಲು ಬೇರೆ ದಾರಿ ಇರಲಿಲ್ಲ" ಎಂದರು ಮಾಸ್ತರರು. ನಾವು ನಮ್ಮ ಕ್ಯಾಮರಾ ನೋಡಿಕೊಂಡೆವು. ನಮ್ಮ ಕಾಲ ಎಷ್ಟು ಒಳ್ಳೆಯದು ಅನ್ನಿಸಿತು. ಕೊಲ್ಲದೆ ಮನೆಗೆ ಒಯ್ಯಬಹುದು.

ಹೊರಡುವಾಗ ಹುಡುಗಿ ಕೇಳಿದಳು, "ಮುತ್ಯಾ, ಇವು ತತ್ತಿ ಎಲ್ಲಿ ಇಡ್ತಾವ?"

"ದೂರದಿಂದ ಬಂದಾವಲ್ಲ ಯವ್ವಾ, ಅವು ಇಲ್ಲಿ ಇಡಂಗಿಲ್ಲ. ಹೋಳಿ ಹುಣ್ಣಿವಿ ಹೊತ್ತಿಗೆ ಹೋಗಿಬಿಡ್ತಾವ. ಇಲ್ಲಿವೇ ಅದಾವಲ್ಲ, ಇವು ಇಡ್ತಾವ. ಬಿಸಲ ಹೆಚ್ಚಾದ ಮ್ಯಾಲ, ಇದೇ ಉಸುಕಿನ್ಯಾಗ. ಗೂಡಿಲ್ಲ ಏನಿಲ್ಲ. ಆಗ ನಾವೂ ಆ ಕಡಿ ಕಾಲಿಡಂಗಿಲ್ಲ."

ಅವನ ಮಾತಿನ ಮೊದಲ ಅರ್ಧ ನಮಗೆ ಕೇಳಿಸಿತು. ಕೊನೆಯ ಅರ್ಧವನ್ನು ಒಂಬತ್ತು ಜನರಲ್ಲಿ ಒಬ್ಬರೂ ಕೇಳಿಸಿಕೊಳ್ಳಲಿಲ್ಲ.

*

2024ರಲ್ಲಿ ಯುಗಾದಿ ಮತ್ತು ರಂಜಾನ್ ಹಬ್ಬ ಒಂದೇ ವಾರದಲ್ಲಿ ಬಂದವು. ಏಪ್ರಿಲ್ 9ಕ್ಕೆ ಬೇವು ಬೆಲ್ಲ, 11ಕ್ಕೆ ಶೀರ್ ಖುರ್ಮಾ. ನಮ್ಮ ಗುಂಪು ಎರಡನ್ನೂ ತಿಂದಿತು. 14ನೆಯ ತಾರೀಖು ಭಾನುವಾರ, ಅಂಬೇಡ್ಕರ್ ಜಯಂತಿ. ಸಂಜೆಯ ಮೆರವಣಿಗೆಗೆ ಹುಡುಗರು ಊರಲ್ಲಿ ಇರಲೇಬೇಕು. ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಬಂದುಬಿಡೋಣ ಎಂದು ಹೊರಟೆವು. ಅದೇ ಕ್ರೂಸರ್, ಅದೇ ಒಂಬತ್ತು ಜನ. ದುರ್ಬೀನು ಮಾತ್ರ ಈಗ ಮೂರು. ಮೊಬೈಲ್ ಅಂಗಡಿಯ ಹುಡುಗ ಕ್ಯಾಮರಾಕ್ಕೆ ಉದ್ದನೆಯ ಲೆನ್ಸ್ ಬಾಡಿಗೆಗೆ ತಂದಿದ್ದ. ದಾರಿಯಲ್ಲಿ ಗಾಡಿ ಕೆಟ್ಟು ಒಂದೂವರೆ ತಾಸು ಹೋಯಿತು. ಹೊಳೆ ಮುಟ್ಟಿದಾಗ ಹತ್ತು ದಾಟಿತ್ತು.

ಮುತ್ಯಾ ಇರಲಿಲ್ಲ. ಯಾರದೋ ಲಗ್ನಕ್ಕೆ ಹೋಗಿದ್ದಾನೆ, ಈಗ ಬರುತ್ತಾನೆ ಎಂದು ದಂಡೆಯ ಹುಡುಗನೊಬ್ಬ ಹೇಳಿದ. ತೆಪ್ಪ ಬೋರಲು ಬಿದ್ದಿತ್ತು. ಅದರ ಅವಶ್ಯಕತೆಯೂ ಇರಲಿಲ್ಲ. ಭೀಮೆ ಅಷ್ಟು ಬತ್ತಿದ್ದಳು. ಈ ಹೊಳೆಗೆ ಬೇಸಿಗೆಯಲ್ಲಿ ತನ್ನದೆಂಬ ನೀರು ಕಡಿಮೆ. ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ. 2020ರ ಅಕ್ಟೋಬರಿನಲ್ಲಿ ಬಂದ ಪೂರದಲ್ಲಿ ದಂಡೆಯ ಊರುಗಳನ್ನೇ ಮುಳುಗಿಸಿದ್ದ ಅದೇ ಹೊಳೆ ಈಗ ಮೊಣಕಾಲಿಗೂ ಇರಲಿಲ್ಲ. ನಡುಗಡ್ಡೆಗೂ ದಂಡೆಗೂ ನಡುವೆ ಒಂದು ಕಡೆ ಒಣ ಉಸುಕಿನ ಪಟ್ಟಿಯೇ ಬಿದ್ದು, ಅದರ ಮೇಲೆ ಟ್ರ್ಯಾಕ್ಟರಿನ ಗಾಲಿಯ ಗುರುತು ಮೂಡಿತ್ತು. ನಡುಗಡ್ಡೆಯ ಮೇಲಿನ ತುದಿಯನ್ನು ಅರ್ಧ ಎಕರೆಯಷ್ಟು ತೋಡಿ ಒಯ್ದಿದ್ದರು. ನಾಯಿಯ ಹೆಜ್ಜೆಗಳೂ ಇದ್ದವು.

ನಾವು ಬೈದೆವು. ಉಸುಕು ಒಯ್ಯುವವರನ್ನು, ಸುಮ್ಮನೆ ಕೂತವರನ್ನು, ಎಲ್ಲರನ್ನೂ ಮನಸಾರೆ ಬೈದೆವು. ಬೈಯುತ್ತ ಬೈಯುತ್ತಲೇ ಆ ಟ್ರ್ಯಾಕ್ಟರಿನ ಗಾಲಿ ಮಾಡಿದ ದಾರಿಯಲ್ಲೇ ನಡೆದು ನಡುಗಡ್ಡೆ ಹತ್ತಿದೆವು.

ಹತ್ತುತ್ತಿದ್ದಂತೆ ಹಕ್ಕಿಗಳು ಎದ್ದವು. ಮಣ್ಣಿನ ಬಣ್ಣದ ಬೆನ್ನು, ಬಿಳಿ ಹೊಟ್ಟೆ, ಗುಬ್ಬಿಗಿಂತ ಸ್ವಲ್ಪ ದೊಡ್ಡ, ಕವಣೆಯಿಂದ ಬೀಸಿದಂತೆ ಹಾರುವ ಹಕ್ಕಿಗಳು. ಸ್ಮಾಲ್ ಪ್ರಾಟಿಂಕೋಲ್. ಜನವರಿಯಲ್ಲಿ ಸಂಜೆಯ ಹೊತ್ತು ನೀರಿನ ಮೇಲೆ ಸೊಳ್ಳೆ ಹಿಡಿಯುತ್ತಿದ್ದುದನ್ನು ದೂರದಿಂದ ನೋಡಿದ್ದೆವು. ಈಗ ತಲೆಯ ಮೇಲೆಯೇ ಸುತ್ತುತ್ತಿದ್ದವು, ಕೂಗುತ್ತಿದ್ದವು. ಒಂದು ಹಕ್ಕಿ ನಮ್ಮ ಮುಂದೆಯೇ ನೆಲಕ್ಕೆ ಬಿದ್ದು, ರೆಕ್ಕೆ ಮುರಿದಂತೆ ಎಳೆದುಕೊಂಡು ತೆವಳಿತು. "ಪಾಪ, ಗಾಯ ಆಗ್ಯದ" ಎಂದು ಹಿಂದೆ ಹೋದರೆ ಹತ್ತು ಹೆಜ್ಜೆ ಆಚೆ ಎದ್ದು ಹಾರಿಹೋಯಿತು. ಮಾಸ್ತರರಿಗೆ ಗೊತ್ತಿತ್ತು. ತತ್ತಿಯಿಂದ ವೈರಿಯನ್ನು ದೂರ ಒಯ್ಯಲು ಹಕ್ಕಿ ಹೂಡುವ ನಾಟಕ ಅದು. ಅವರು ಅದನ್ನು ಸಂಭ್ರಮದಿಂದ ವಿವರಿಸಿದರು. ನಾವು ಸಂಭ್ರಮದಿಂದ ಕೇಳಿದೆವು. ಈ ನಾಟಕದಲ್ಲಿ ವೈರಿ ಯಾರು ಎಂದು ಯಾರಿಗೂ ಹೊಳೆಯಲಿಲ್ಲ.

ಮೊದಲ ತತ್ತಿ ಕಂಡದ್ದು ಹುಡುಗಿಗೆ. ಉಸುಕಿನಲ್ಲಿ ಹಿಮ್ಮಡಿ ಒತ್ತಿದಂಥ ಸಣ್ಣ ತಗ್ಗು. ಅದರಲ್ಲಿ ಎರಡು ತತ್ತಿ. ಉಸುಕಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ಕಣ್ಣು ಮಿಟುಕಿಸಿದರೆ ಕಳೆದುಹೋಗುತ್ತಿತ್ತು. ಎಲ್ಲರೂ ಬಗ್ಗಿ ನೋಡಿದೆವು. ಎಲ್ಲರ ಫೋನುಗಳೂ ಹೊರಬಂದವು. ಆಮೇಲೆ ಇನ್ನೊಂದು ಗೂಡು, ಮತ್ತೊಂದು. ಲೆನ್ಸ್ ತಂದಿದ್ದವನು ಮೊಣಕಾಲೂರಿ, ಮಲಗಿ, ಎದ್ದು, ಹಕ್ಕಿ ಬಂದು ಕೂರುವುದನ್ನು ಕಾದ. ನಾವು ಅವನಿಗೆ ನೆರಳಾಗಿ ನಿಂತೆವು. ಬಿಸಿಲು ಸುಡುತ್ತಿತ್ತು, ಚಪ್ಪಲಿಯೊಳಗೂ ಉಸುಕಿನ ಕಾವು ತಾಗುತ್ತಿತ್ತು. ಆ ದಿನಗಳಲ್ಲಿ ಕಲಬುರಗಿ ಸೀಮೆಯ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಗಾಳಿ 40 ಡಿಗ್ರಿ ಇದ್ದರೆ ಬಯಲ ಉಸುಕು 50ಕ್ಕೂ ಮೇಲೇರುತ್ತದೆ.

ಎಷ್ಟು ಹೊತ್ತು ಹಾಗೆ ನಿಂತಿದ್ದೆವು? ಆಮೇಲೆ ಫೋಟೋಗಳ ಮೇಲಿನ ವೇಳೆ ನೋಡಿ ಲೆಕ್ಕ ಹಾಕಿದೆವು. ನಲವತ್ತೆರಡು ನಿಮಿಷ.

"ಅಮ್ಮೀ, ಆ ಹಕ್ಕಿ ಯಾಕ ನೀರಿನ್ಯಾಗ ಕೂತು ಕೂತು ಬರ್ಲಾಕತ್ತದ?" ಎಂದು ಹುಡುಗಿ ಕೇಳಿದಳು. ಒಂದು ಹಕ್ಕಿ ಅಂಚಿನ ನೀರಿಗೆ ಇಳಿದು ಹೊಟ್ಟೆ ಅದ್ದಿಕೊಂಡು ನಮ್ಮ ಕಡೆಗೆ ಬರುತ್ತಿತ್ತು. ನಮ್ಮನ್ನು ನೋಡಿ ಹಿಂದೆ ಸರಿಯುತ್ತಿತ್ತು. ಮತ್ತೆ ನೀರಿಗೆ ಹೋಗಿ ಅದ್ದಿಕೊಂಡು ಬರುತ್ತಿತ್ತು. ಮಾಸ್ತರರ ಮುಖದ ಬಣ್ಣವೇ ಬದಲಾಯಿತು. ತಂಪು ದೇಶದ ಹಕ್ಕಿ ತತ್ತಿಯನ್ನು ಬೆಚ್ಚಗಿಡಲು ಕಾವು ಕೂರುತ್ತದೆ. ನಮ್ಮ ಬಿಸಿಲಲ್ಲಿ ಬಯಲಲ್ಲಿ ತತ್ತಿಯಿಡುವ ಹಕ್ಕಿ ತತ್ತಿಯನ್ನು ತಂಪಾಗಿಡಲು ಕೂರುತ್ತದೆ. ಮೈಯ ನೆರಳು ಕೊಡುತ್ತದೆ, ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ತತ್ತಿಗೆ ನೀರು ಹಚ್ಚುತ್ತದೆ. ಅದು ಎದ್ದು ಹೋದ ಕೆಲವೇ ನಿಮಿಷಗಳಲ್ಲಿ ಒಳಗಿನ ಜೀವ ಬೆಂದುಹೋಗಬಹುದು.

"ಹಿಂದಕ ಸರೀರಿ, ಎಲ್ಲಾರೂ ಹಿಂದಕ ಸರೀರಿ!" ಎಂದು ಮಾಸ್ತರರು ಕೂಗಿದರು.

ನಾವು ಹಿಂದೆ ಸರಿದೆವು. ನೋಡದೆ ಸರಿದೆವು. ಕಾಲಡಿಯಲ್ಲಿ ಸಣ್ಣ ಸದ್ದಾಯಿತು. ಒಣ ಎಲೆ ತುಳಿದರೆ ಆಗುವುದಕ್ಕಿಂತ ಸಣ್ಣ ಸದ್ದು.

ಯಾರ ಕಾಲು ಎಂದು ಇಲ್ಲಿ ಬರೆಯುವುದಿಲ್ಲ. ನಮ್ಮೊಳಗೇ ಅದನ್ನು ಮತ್ತೆ ಎತ್ತಿ ಆಡಿಲ್ಲ. ಒಂಬತ್ತು ಜನರ ಹದಿನೆಂಟು ಕಾಲು ಆ ಉಸುಕಿನ ಮೇಲಿದ್ದವು. ಯಾವ ಕಾಲಿನ ಕೆಳಗೂ ಅದು ಆಗಬಹುದಿತ್ತು.

ಆಗ ಮುತ್ಯಾ ಬಂದ. ಲಗ್ನದ ಬಿಳಿ ಧೋತರದಲ್ಲೇ ಇದ್ದ. ದೂರದಲ್ಲೇ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಆ ಕುದಿಯುವ ಉಸುಕಿನ ಮೇಲೆ ನೆಲ ನೋಡುತ್ತ ನಿಧಾನ ನಡೆದು ಬಂದ. ಒಡೆದ ತತ್ತಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಟ್ರ್ಯಾಕ್ಟರಿನವರು ಗೊತ್ತಿಲ್ದ ತುಳೀತಾರ್ರಿ ಸರ. ನೀವು ಗೊತ್ತಿದ್ದು ತುಳದ್ರಿ."

ಇಷ್ಟೇ ಅಂದ. ಆಮೇಲೆ ಎದ್ದು, "ನಾ ಕಾಲಿಟ್ಟಲ್ಲೇ ಕಾಲಿಡ್ರಿ" ಎಂದು ಮುಂದೆ ನಡೆದ. ಅವನ ಹೆಜ್ಜೆಯ ಗುರುತಿನೊಳಗೆ ಹೆಜ್ಜೆಯಿಟ್ಟು ಒಬ್ಬರ ಹಿಂದೆ ಒಬ್ಬರು ದಂಡೆಗೆ ಬಂದೆವು. ಹಿಂತಿರುಗಿ ನೋಡಿದರೆ, ನಾವು ಬಿಟ್ಟ ಜಾಗಕ್ಕೆ ಹಕ್ಕಿಗಳು ಇಳಿಯುತ್ತಿದ್ದವು. ಎರಡು ಕಾಗೆಗಳೂ ಇಳಿದಿದ್ದವು.

ಸಂಜೆ ಮೆರವಣಿಗೆಗೆ ಹುಡುಗರು ಸರಿಯಾದ ಸಮಯಕ್ಕೆ ಮುಟ್ಟಿದರು. ಗಾಡಿಯಲ್ಲಿ ಊರಿನವರೆಗೆ ಯಾರೂ ಮಾತಾಡಿರಲಿಲ್ಲ.

*

ಅಂದಿನಿಂದ ನಮ್ಮ ಗುಂಪಿನಲ್ಲಿ ವಾದ ನಿಂತಿಲ್ಲ. ಒಬ್ಬರೆಂದರು: ಎರಡು ತತ್ತಿಗೆ ಇಷ್ಟು ಯಾಕೆ ಚಿಂತೆ? ಉಸುಕಿನ ಟ್ರ್ಯಾಕ್ಟರು ಒಂದೇ ದಿನದಲ್ಲಿ ಇಪ್ಪತ್ತು ಗೂಡು ಒಯ್ಯುತ್ತದೆ, ಅದನ್ನು ಕೇಳುವವರಿಲ್ಲ. ಮಾತು ಸುಳ್ಳಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ವರದಿಯ ಪ್ರಕಾರ ಜಗತ್ತು ವರ್ಷಕ್ಕೆ 5,000 ಕೋಟಿ ಟನ್ ಉಸುಕು, ಜಲ್ಲಿ ಬಳಸುತ್ತದೆ. ಹೊಳೆ ಸಾವಿರಾರು ವರ್ಷ ಅರೆದು ತಂದದ್ದನ್ನು ನಾವು ಒಂದು ಬೇಸಿಗೆಯಲ್ಲಿ ತುಂಬಿಕೊಂಡು ಹೋಗುತ್ತೇವೆ. ಹೊಳೆಯ ಉಸುಕನ್ನೇ ನಂಬಿದ ಹಕ್ಕಿಗಳ ಗತಿ ಇದರಿಂದಲೇ ಕೆಟ್ಟಿದೆ. ನಮ್ಮ ರೀವ ಈಗ ಜಗತ್ತಿನ ಅಪಾಯದಂಚಿನ ಪಟ್ಟಿಯಲ್ಲಿದೆ. ಅದರ ಕರಿಹೊಟ್ಟೆಯ ಸೋದರಿ ಅದಕ್ಕಿಂತ ಹೆಚ್ಚು ಅಪಾಯದಲ್ಲಿದೆ. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತು 2023ರಲ್ಲಿ ಬಂದ ವರದಿ 942 ಜಾತಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ತುರ್ತು ಗಮನ ಬೇಕು ಎಂದಿದೆ.

ಆದರೆ ಆ ಟ್ರ್ಯಾಕ್ಟರು ಎಲ್ಲಿಗೆ ಹೋಗುತ್ತದೆ? ನಮ್ಮ ಒಂಬತ್ತು ಮನೆಗಳಲ್ಲಿ ನಾಲ್ಕು ಮನೆಗಳಿಗೆ ಹತ್ತು ವರ್ಷದೊಳಗೆ ಹೊಸದಾಗಿ ಛತ್ತು ಹಾಕಿದ್ದೇವೆ. ಉಸುಕು ಬಂದಾಗ ಎಲ್ಲಿಂದ ಬಂತು ಎಂದು ನಾವು ಕೇಳಿರಲಿಲ್ಲ, ಬ್ರಾಸಿಗೆ ಎಷ್ಟು ಎಂದಷ್ಟೇ ಕೇಳಿದ್ದೆವು. ಕಿರಾಣಿ ಅಂಗಡಿಯ ಗೆಳೆಯರಂತೂ ಆ ವರ್ಷವೇ ಮೇಲೊಂದು ಕೋಣೆ ಕಟ್ಟಿಸಲು ಉಸುಕು ಹೇಳಿದ್ದರು. ಟ್ರ್ಯಾಕ್ಟರ್ ಓಡಿಸುವ ಹುಡುಗರೂ ಪರದೇಶಿಗಳಲ್ಲ. ಮಳೆ ಹೋಗಿ ತೊಗರಿ ಕೈಗೆ ಬಾರದ ವರ್ಷ, ರಾತ್ರಿ ಪಾಳಿಗೆ ಸಿಗುವ ಕೂಲಿ ಬಿಡುವವರು ಯಾರು? ಬರ ಒಂದೇ, ಅದು ಹೊಳೆಯನ್ನು ಬತ್ತಿಸಿ ನಡುಗಡ್ಡೆಗೆ ದಾರಿ ಮಾಡಿತು, ಹೊಲವನ್ನು ಬತ್ತಿಸಿ ಹುಡುಗರನ್ನು ಆ ದಾರಿಗೆ ತಳ್ಳಿತು. ಅದೇ ದಾರಿಯಲ್ಲಿ ನಾಯಿ ಹೋಯಿತು, ನಾವೂ ಹೋದೆವು.

ಪಂಚತಂತ್ರದಲ್ಲಿ ಟಿಟ್ಟಿಭ ಹಕ್ಕಿಯ ಕಥೆ ಇದೆ. ಕಡಲ ದಂಡೆಯಲ್ಲಿಟ್ಟ ಅದರ ತತ್ತಿಗಳನ್ನು ಸಮುದ್ರ ಸೊಕ್ಕಿನಿಂದ ಸೆಳೆದುಕೊಳ್ಳುತ್ತದೆ. ಹಕ್ಕಿಗಳೆಲ್ಲ ಸೇರಿ ಗರುಡನ ಬಳಿಗೆ ಹೋಗಿ, ಕೊನೆಗೆ ಸಮುದ್ರ ಹೆದರಿ ತತ್ತಿ ಮರಳಿಸುತ್ತದೆ. ಶಾಲೆಯಲ್ಲಿ ಈ ಕಥೆ ಹೇಳಿದಾಗ ಮಕ್ಕಳೊಬ್ಬರು ಕೇಳಿದರಂತೆ: "ಸರ್, ಸಮುದ್ರ ಅಲ್ದ ಮನಷಾ ಒಯ್ದಿದ್ರ?" ಮಾಸ್ತರರಲ್ಲಿ ಉತ್ತರವಿರಲಿಲ್ಲ.

ನಾವು ಮಾಡಿದ್ದು ಇಷ್ಟು. ಉಸುಕು ತೆಗೆಯುವುದರ ಬಗ್ಗೆ ಒಂದು ಕಚೇರಿಗೆ ಅರ್ಜಿ ಕೊಟ್ಟೆವು. ಸ್ವೀಕರಿಸಿದ್ದಕ್ಕೆ ಸೀಲು ಬಿತ್ತು, ಅಷ್ಟೇ. ಮೊಬೈಲ್ ಅಂಗಡಿಯ ಹುಡುಗ ಅಂದು ತೆಗೆದ ಚಿತ್ರಗಳಲ್ಲಿ ಒಂದು ನಿಜಕ್ಕೂ ಅಪರೂಪದ್ದು. ತೋಯ್ದ ಹೊಟ್ಟೆಯ ಹಕ್ಕಿ, ಗರಿಯ ತುದಿಯಲ್ಲಿ ನೀರಿನ ಹನಿ. ಅದನ್ನು ಯಾವ ಸ್ಪರ್ಧೆಗೂ ಕಳಿಸಲಿಲ್ಲ, ಎಲ್ಲೂ ಹಾಕಲಿಲ್ಲ. ಹಾಕಿದರೆ ನೂರು ಜನ ಜಾಗ ಕೇಳುತ್ತಾರೆ. ಇದೇ ಭೀಮೆಯ ಮೇಲ್ಭಾಗದಲ್ಲಿ, ಉಜನಿ ಹಿನ್ನೀರಿನ ಭಿಗವಣದಲ್ಲಿ, ರಾಜಹಂಸ ನೋಡಲು ಜನ ದೂರದಿಂದ ಬರುತ್ತಾರೆ, ಅಲ್ಲಿನ ಮೀನುಗಾರರಿಗೆ ದೋಣಿಯಿಂದ ನಾಲ್ಕು ಕಾಸು ಸಿಗುತ್ತದೆ. ನಮ್ಮ ಮುತ್ಯಾನಿಗೂ ಅದು ಸಿಗಬೇಡವೇ ಎಂದು ಅಂಚೆಯವರು ಕೇಳುತ್ತಾರೆ. ನ್ಯಾಯದ ಮಾತೇ. ಇದನ್ನು ಮುತ್ಯಾನನ್ನೇ ಕೇಳಿದೆವು. "ಚಳಿಗಾಲದಾಗ ತರ್ರಿ, ತೆಪ್ಪ ಅದ. ಬಿಸಲಾಗ ಬ್ಯಾಡ" ಎಂದ. ಅದೇ ನಮ್ಮ ಗುಂಪಿನ ಕಾನೂನಾಯಿತು. ಫೆಬ್ರವರಿ ಮುಗಿದ ಮೇಲೆ ಮಳೆ ಬೀಳುವವರೆಗೆ ಯಾವ ನಡುಗಡ್ಡೆಗೂ ಕಾಲಿಡುವಂತಿಲ್ಲ. ಚಳಿಗಾಲದಲ್ಲೂ ತೆಪ್ಪ ಬಿಟ್ಟು ಇಳಿಯುವಂತಿಲ್ಲ.

ಕಿರಾಣಿ ಅಂಗಡಿಯ ಗೆಳೆಯರು ಹೊಳೆಯ ಉಸುಕು ಬಿಟ್ಟು ಕಲ್ಲು ಅರೆದ ಎಂ-ಸ್ಯಾಂಡ್‌ನಲ್ಲಿ ಕೋಣೆ ಕಟ್ಟಿಸಿದರು. ಅದಕ್ಕೂ ಯಾವುದೋ ಗುಡ್ಡ ಕರಗಿರಬೇಕು ಎಂದು ಅವರೇ ಹೇಳುತ್ತಾರೆ. ಪೂರ್ತಿ ಶುದ್ಧವಾದ ಮನೆ ಯಾರದೂ ಇಲ್ಲ.

2025ರ ಜನವರಿಯಲ್ಲಿ ಮತ್ತೆ ಹೋದೆವು. ಹಿಂದಿನ ಮಳೆಗಾಲದಲ್ಲಿ ಹೊಳೆ ತುಂಬಿ ಹರಿದಿತ್ತು. ತೋಡಿದ ಗಾಯದ ಮೇಲೆ ಸ್ವಲ್ಪ ಹೊಸ ಉಸುಕು ಬಂದು ಕೂತಿತ್ತು. ಟ್ರ್ಯಾಕ್ಟರಿನ ದಾರಿ ನೀರಿನಡಿ ಹೋಗಿ, ನಡುಗಡ್ಡೆ ಮತ್ತೆ ನಡುಗಡ್ಡೆಯಾಗಿತ್ತು. ಆಪಾ ಮಗಳು ಈಗ ಹತ್ತನೆಯ ತರಗತಿ. ಪರೀಕ್ಷೆಯ ವರ್ಷ ಎಂದರೂ ಕೇಳದೆ ಬಂದಿದ್ದಳು. ನಮ್ಮ ಲೆಕ್ಕದ ವಹಿಯಲ್ಲಿ ಹಿಂದಿನ ಏಪ್ರಿಲಿನ ಪುಟ ಬಂದಾಗ ಯಾರಾದರೂ ಬೇಗ ತಿರುವಿಬಿಡುತ್ತೇವೆ. ಅವಳು ತಿರುವಲಿಲ್ಲ. ಆ ಪುಟದಲ್ಲಿ ಅವಳದೇ ಚೆಂದದ ಅಕ್ಷರದಲ್ಲಿ ಇಷ್ಟು ಬರೆದಿತ್ತು: "ಗೂಡು, ಕಂಡವು 7. ತತ್ತಿ, ಒಡೆದವು 2. ಒಡೆದವರು, ನಾವು."

ಅವಳು ಅದರ ಮುಂದಿನ ಖಾಲಿ ಪುಟದಲ್ಲಿ ತಾರೀಖು ಹಾಕಿ, ದುರ್ಬೀನು ಕೇಳಿದಳು. ಮುತ್ಯಾ ತೆಪ್ಪವನ್ನು ದೂರದಲ್ಲೇ ನಿಲ್ಲಿಸಿ ಕೋಲೂರಿದ. ಎತ್ತರದ ಕಲ್ಲಿನ ಮೇಲೆ ದಪ್ಪ ಮೊಣಕಾಲಿನ ಹಕ್ಕಿ ಈ ವರ್ಷವೂ ನಮ್ಮ ಕಡೆಗೇ ಮುಖ ಮಾಡಿ ನಿಂತಿತ್ತು.